ನಾಲ್ಕನೇ ಸಿಂಹ ಎಲ್ಲಿ?

ಪ್ರಶ್ನೆ: ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ರಾಷ್ಟ್ರೀಯ ಪ್ರಾಣಿ ಹುಲಿ, ಪಕ್ಷಿ ನವಿಲು, ಆಟ ಹಾಕಿ ಅಂತ ಮಕ್ಕಳು ಪಟಪಟ ಒಪ್ಪಿಸುತ್ತಾರೆ. ‘ಯಾಕೆ?’ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಅರ್ಥ ತಿಳಿಸುವುದು ಹೇಗೆ?
– ಒಬ್ಬ ಶಿಕ್ಷಕಿ, ಗದಗ ಜಿಲ್ಲೆ

ಉತ್ತರ: ಬಾಯಿ ಮುಚ್ಚಿಕೊಂಡಿರದೆ ಇನ್ನೇನು ಮಾಡಿಯಾವು ಟೀಚರ್? ಚಾರ್ಟಿನಲ್ಲಿ ಹೆಸರು ಇರುತ್ತದೆ, ಕಾರಣ ಇರುವುದಿಲ್ಲ. ನಾನಾದರೆ ಚಾರ್ಟನ್ನು ಗೋಡೆಗೇ ಬಿಟ್ಟು, ಮಕ್ಕಳ ಕೈಗೆ ಒಂದು ರೂಪಾಯಿ ನಾಣ್ಯ ಕೊಡುತ್ತಿದ್ದೆ.

ಎಷ್ಟು ಸಿಂಹ ಕಾಣುತ್ತವೆ? ಮೂರು. ಸಾರನಾಥದ ಅಶೋಕನ ಕಂಬದ ಮೇಲಿದ್ದದ್ದು ನಾಲ್ಕು. ಇನ್ನೊಂದು ಎಲ್ಲಿ ಹೋಯಿತು? ಉತ್ತರ ಹೇಳಿಬಿಡಬೇಡಿ. ನಾಲ್ಕು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಉಳಿದವರು ಎದುರಿನಿಂದ ನೋಡಲಿ. ಹಿಂದಿನವನು ಕಾಣಿಸುವುದಿಲ್ಲ ಅಲ್ವಾ? ಆಮೇಲೆ ಹೇಳಿ: ಬುದ್ಧ ಮೊದಲ ಉಪದೇಶ ಮಾಡಿದ್ದು ಸಾರನಾಥದಲ್ಲಿ, ಆ ಮಾತು ನಾಲ್ಕು ದಿಕ್ಕಿಗೂ ಮುಟ್ಟಲಿ ಅಂತ ಈ ಸಿಂಹಗಳು ಎಂದು ತಿಳಿದವರು ಹೇಳುತ್ತಾರೆ. 1950ರ ಜನವರಿ 26ರಂದು ಇದು ನಮ್ಮ ಲಾಂಛನವಾಯಿತು.

ಬಾವುಟ ನಿಮಗೆ ಇನ್ನೂ ಹತ್ತಿರದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿ ಬಾವುಟ ಹೊಲಿಯುತ್ತಾರೆ. ಉದ್ದ 3 ಪಾಲು, ಅಗಲ 2 ಪಾಲು. ಮಕ್ಕಳು ಸ್ಕೇಲು ಹಿಡಿದು 18 ಸೆಂಟಿಮೀಟರ್ ಉದ್ದ, 12 ಅಗಲ ಗೆರೆ ಹಾಕಲಿ. ಒಂದೊಂದು ಬಣ್ಣಕ್ಕೂ ಸರಿಯಾಗಿ 4 ಬರುತ್ತದೆ. ಚಕ್ರದ 24 ಕಡ್ಡಿ ಬರೆಯುವಾಗ ಎಲ್ಲರೂ ಒದ್ದಾಡುತ್ತಾರೆ. ಗಡಿಯಾರದ 12 ಅಂಕಿಗೆ ಒಂದೊಂದು, ನಡುವೆ ಒಂದೊಂದು ಎಳೆಯಿರಿ ಅನ್ನಿ. ಅರ್ಥಕ್ಕೆ, 1947ರ ಜುಲೈನಲ್ಲಿ ಸಂವಿಧಾನ ಸಭೆಯಲ್ಲಿ ರಾಧಾಕೃಷ್ಣನ್ ಕೊಟ್ಟ ವಿವರಣೆ ನನಗೆ ಇಷ್ಟ. ಹಸಿರು ಅಂದರೆ ಮಣ್ಣು, ಗಿಡಮರಗಳ ಜೊತೆ ನಮ್ಮ ನಂಟು. ಚಕ್ರ ಅಂದರೆ ನಿಲ್ಲದೆ ಸಾಗುವುದು. ಆಗಸ್ಟ್‌ನಲ್ಲಿ ನಿಮ್ಮೂರಿನ ಹೆಸರುಕಾಳಿನ ಹೊಲ ತೋರಿಸಿದರೆ ಹಸಿರಿನ ಪಾಠ ಮುಗಿಯಿತು.

ಹುಲಿಗೂ ಒಂದು ಕಥೆ ಇದೆ. ಮೊದಲು ಸಿಂಹವೇ ರಾಷ್ಟ್ರೀಯ ಪ್ರಾಣಿಯಾಗಿತ್ತು. ಹುಲಿಗಳು ತೀರಾ ಕಡಿಮೆಯಾದಾಗ, 1973ರಲ್ಲಿ ಹುಲಿ ಯೋಜನೆ ಶುರುವಾಯಿತು. ಮೊದಲ ಪಟ್ಟಿಯಲ್ಲೇ ನಮ್ಮ ಬಂಡೀಪುರ ಇತ್ತು. ಹುಲಿ ಆ ಸ್ಥಾನಕ್ಕೆ ಬಂದದ್ದೂ ಆ ಹೊತ್ತಿಗೇ.

ಹಾಕಿಯನ್ನು ಮಾತ್ರ ಇವತ್ತೇ ಚಾರ್ಟಿನಿಂದ ಅಳಿಸಿ. 2012ರಲ್ಲಿ ಒಬ್ಬ ಶಾಲಾ ಹುಡುಗಿ ಮಾಹಿತಿ ಹಕ್ಕಿನಡಿ ಕೇಳಿದ್ದಳು. ಯಾವ ಆಟವನ್ನೂ ರಾಷ್ಟ್ರೀಯ ಆಟ ಅಂತ ಘೋಷಿಸಿಲ್ಲ ಅಂತ ಕ್ರೀಡಾ ಸಚಿವಾಲಯವೇ ಉತ್ತರ ಕೊಟ್ಟಿತು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಮಾರನೇ ದಿನ ‘ಹಾಗಾದ್ರೆ ಕಬಡ್ಡಿನೂ ಅಲ್ವಾ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ.