ಡ್ರಮ್ ಖಾಲಿ ಮಾಡಿದರೆ ಸಾಲದು, ಉಜ್ಜಿ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆ ಎದುರೇ ರಾಜಕಾಲುವೆ. ಮಳೆ ಶುರುವಾದಾಗಿನಿಂದ ವಿಪರೀತ ಸೊಳ್ಳೆ. ಪಕ್ಕದ ಮನೆಯ ಇಬ್ಬರಿಗೆ ಡೆಂಗಿ ಬಂದಿದೆ. ಫಾಗಿಂಗ್‌ಗೆ ಎಷ್ಟು ಕರೆದರೂ ಯಾರೂ ಬರುತ್ತಿಲ್ಲ. ನಾವಂತೂ ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಚೆಲ್ಲುತ್ತೇವೆ.

ಉತ್ತರ: ಜೂನ್ ಬಂತೆಂದರೆ ಈ ಪತ್ರವೂ ಬರುತ್ತದೆ. ಕಾಲುವೆಯಲ್ಲಿ ಹುಟ್ಟುವುದು ಜಾಸ್ತಿ ಕ್ಯುಲೆಕ್ಸ್ ಎಂಬ ಜಾತಿಯ ಸೊಳ್ಳೆ. ರಾತ್ರಿ ಕಿವಿ ಹತ್ತಿರ ಗುಂಯ್ ಎನ್ನುತ್ತದಲ್ಲ, ಅದೇ. ನಿದ್ದೆ ಕೆಡಿಸುತ್ತದೆ, ಡೆಂಗಿ ತರುವುದಿಲ್ಲ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಬೇಕಿರುವುದು ಮನೆಯೊಳಗಿನ, ಅಂಗಳದ ತಿಳಿನೀರು. ಕಚ್ಚುವುದು ಹಗಲು. ಸಾಮಾನ್ಯವಾಗಿ ಒಂದೆರಡು ನೂರು ಮೀಟರ್ ಆಚೆಗೆ ಹಾರುವುದಿಲ್ಲ. ಪಕ್ಕದ ಮನೆಯವರನ್ನು ಕಚ್ಚಿದ್ದು ನಿಮ್ಮ ಮನೆಯದೇ ಸೊಳ್ಳೆ ಇರಬಹುದು!

ನೀರು ಚೆಲ್ಲುತ್ತೀರಿ, ಸರಿ. ಉಜ್ಜುತ್ತೀರಾ? ಈಡಿಸ್ ಮೊಟ್ಟೆ ಅಂಟಿಸುವುದು ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ. ನೋಡಲು ಕರಿ ಧೂಳಿನಂತೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಮೇಲೇರಿ ಮುಳುಗಿಸಿದರೆ ಮರಿ, ಇನ್ನು 7ರಿಂದ 10 ದಿನಕ್ಕೆ ಸೊಳ್ಳೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಿಡಿದಿಟ್ಟ ಡ್ರಮ್ಮನ್ನು ತಾರಸಿಗೆ ಹಾಕಿ ಮರೆಯುತ್ತೇವಲ್ಲ, ಮೊದಲ ಮಳೆಗೆ ಅದೇ ಕಾರ್ಖಾನೆ. ತೆಂಗಿನ ನಾರು ತೊಗೊಂಡು ಒಳಗೋಡೆ ತಿಕ್ಕಿ. ಆ ನೀರನ್ನು ಒಣ ಮಣ್ಣಿಗೆ ಸುರಿಯಿರಿ. ಫ್ರಿಜ್ಜಿನ ಹಿಂದಿನ ಟ್ರೇ ಎಳೆದು ನೋಡಿ. ಊರಿಗೆಲ್ಲ ಬುದ್ಧಿ ಹೇಳಿ ಬಂದ ದಿನವೇ ನಮ್ಮ ತುಳಸಿ ಕುಂಡದ ತಟ್ಟೆಯಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ.

ಫಾಗಿಂಗ್? ಆ ಹೊಗೆ ಮರಿಹುಳುವಿಗೆ ಏನೂ ಮಾಡುವುದಿಲ್ಲ. ಈಡಿಸ್ ಮಂಚದ ಕೆಳಗೆ, ಪರದೆ ಹಿಂದೆ ಕೂತಿರುತ್ತದೆ. ಹೊಗೆ ಬಂದ ಕೂಡಲೇ ನೀವು ಕಿಟಕಿ ಬೇರೆ ಮುಚ್ಚುತ್ತೀರಿ, ಅಲ್ವಾ? 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಸಾಕುವ ನಗರದ ಮನೆಗೆ 400 ರೂಪಾಯಿ ದಂಡ ಇಟ್ಟಿದ್ದು ಸುಮ್ನೆ ಅಲ್ಲ.

ಪ್ರಶ್ನೆ: ಪಪ್ಪಾಯಿ ಎಲೆ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆಯೇ?

ಉತ್ತರ: ಜ್ವರ ವಾಸಿಯಾಗುವಾಗ ಅದು ತಾನಾಗಿಯೇ ಏರುತ್ತದೆ, ಹೆಸರು ಎಲೆಗೆ.

ಪ್ರಶ್ನೆ: ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್ ಹಾಕಿಕೊಳ್ಳಲೇ?

ಉತ್ತರ: ಬೇಡ. ಖಾಲಿಯಾಗುವುದು ಬ್ಯಾಟರಿ ಮಾತ್ರ.

ಪ್ರಶ್ನೆ: ಮಗನಿಗೆ ಡೆಂಗಿ. ಇವತ್ತು ಜ್ವರ ಬಿಟ್ಟಿದೆ. ಶಾಲೆಗೆ ಕಳಿಸಬಹುದೇ?

ಉತ್ತರ: ಖಂಡಿತ ಬೇಡ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ್ದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಕು, ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮೈಕೈ ನೋವು ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಐಬುಪ್ರೊಫೇನ್, ಡೈಕ್ಲೋಫೆನಾಕ್ ನುಂಗಿಸಬೇಡಿ. ರಕ್ತಸ್ರಾವ ಹೆಚ್ಚುತ್ತದೆ.