ಐದು ವರ್ಷ ಹಳೆಯ ಫೋನ್ ಬಿಟ್ಟು ಹೊಸದು ಕೊಂಡರೆ ವ್ಯತ್ಯಾಸ ನಿಜಕ್ಕೂ ಗೊತ್ತಾಗುತ್ತದೆಯೇ?

ಐದು ವರ್ಷದ ಫೋನ್ ಕೆಲಸವನ್ನೇನೋ ಮಾಡುತ್ತಿದೆ, ಆದರೆ ದಿನಕ್ಕೆ ಹತ್ತು ಸಲ ಸಿಟ್ಟು ಬರಿಸುತ್ತದೆ. ಹೊಸದು ಕೊಂಡರೆ ಕೊಟ್ಟ ಹಣಕ್ಕೆ ತಕ್ಕ ವ್ಯತ್ಯಾಸ ಕಾಣುತ್ತದೆಯೇ ಎಂದು ಕೇಳಿದ್ದೀರಿ. ಕಾಣುತ್ತದೆ. ಆದರೆ ಜಾಹೀರಾತಿನಲ್ಲಿ ತೋರಿಸುವ ಕಡೆ ಅಲ್ಲ. ಮೇಲಾಗಿ, ಅದರಲ್ಲಿ ಅರ್ಧದಷ್ಟನ್ನು ಹಳೆಯ ಫೋನಿನಲ್ಲೇ ಪಡೆಯಬಹುದಿತ್ತು ಎಂಬುದು ನನಗೆ ಹೊಳೆದದ್ದು ಹಣ ಕೊಟ್ಟು ಬಂದ ಮೇಲೆ.

ನನ್ನ ಹಳೆಯದು 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, 60 ಹರ್ಟ್ಸ್‌ನ ಎಲ್‌ಸಿಡಿ ಪರದೆ, 48 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದ ಮಧ್ಯಮ ದರ್ಜೆಯ ಆಂಡ್ರಾಯ್ಡ್ ಫೋನ್. ಹೊಸದರಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಸಂಗ್ರಹ, 120 ಹರ್ಟ್ಸ್‌ನ ಓಎಲ್‌ಇಡಿ ಪರದೆ, 50 ಮೆಗಾಪಿಕ್ಸೆಲ್ ಕ್ಯಾಮೆರಾ. ಮೂರು ವಾರ ಎರಡನ್ನೂ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದೆ. ಮನೆಯವರು ನಕ್ಕರು, ನಗಲಿ.

ಮೊದಲ ದಿನವೇ ಕಂಡ ವ್ಯತ್ಯಾಸ ಕಾಯುವಿಕೆಯದು. ಹಳೆಯ ಫೋನಿನಲ್ಲಿ ನಾನು ತೆಗೆದ ಒಂದು ಚಿತ್ರವಿದೆ: ಕಾಂಪೌಂಡ್ ಗೋಡೆ, ಅದರ ಬಲತುದಿಯಲ್ಲಿ ಅಳಿಲಿನ ಬಾಲದ ಕೊನೆಯ ಎರಡು ಅಂಗುಲ. ಗೋಡೆಯ ಮೇಲೆ ಎರಡು ಕಾಲಿನಲ್ಲಿ ನಿಂತು ಏನನ್ನೋ ಮೆಲ್ಲುತ್ತಿದ್ದ ಅಳಿಲು, ಕ್ಯಾಮೆರಾ ತೆರೆದುಕೊಳ್ಳುವಷ್ಟರಲ್ಲಿ ಊಟ ಮುಗಿಸಿ ಹೊರಟಿತ್ತು. ಹೊಸದರಲ್ಲಿ ಪವರ್ ಗುಂಡಿಯನ್ನು ಎರಡು ಸಲ ಒತ್ತಿದರೆ ಕ್ಯಾಮೆರಾ ಸಿದ್ಧ. ಇದಕ್ಕೆ ಪ್ರೊಸೆಸರ್ ಒಂದೇ ಕಾರಣವಲ್ಲ. ಅಗ್ಗದ ಹಳೆಯ ಫೋನುಗಳಲ್ಲಿ ಇಎಂಎಂಸಿ ಎಂಬ ಬಗೆಯ ಸಂಗ್ರಹವಿರುತ್ತಿತ್ತು, ಈಗಿನ ಹೆಚ್ಚಿನವುಗಳಲ್ಲಿ ಯುಎಫ್‌ಎಸ್ ಇದೆ. ಮೊದಲನೆಯದು ಒಂದು ಸಮಯಕ್ಕೆ ಓದುವುದು ಅಥವಾ ಬರೆಯುವುದು, ಎರಡರಲ್ಲಿ ಒಂದನ್ನು ಮಾತ್ರ ಮಾಡಬಲ್ಲದು. ಎರಡನೆಯದು ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹಿನ್ನೆಲೆಯಲ್ಲಿ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುವಾಗ ಹಳೆಯ ಫೋನ್ ಮಂಕು ಕವಿದಂತೆ ಕೂರುತ್ತಿದ್ದುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುವವರೇ ಹೆಚ್ಚು. ಸಂಗ್ರಹ ಯಾವ ಬಗೆಯದು ಎಂದು ಕೇಳಿ.

120 ಹರ್ಟ್ಸ್ ಪರದೆಯ ಬಗ್ಗೆ ಬಹಳ ಹೊಗಳಿಕೆ ಓದಿದ್ದೆ. 60 ಹರ್ಟ್ಸ್‌ನಲ್ಲಿ ಪರದೆಯ ಚಿತ್ರ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬದಲಾದರೆ, 120ರಲ್ಲಿ 8.3ಕ್ಕೊಮ್ಮೆ ಬದಲಾಗುತ್ತದೆ. ಮೂರು ದಿನ ಬೆರಳು ಸರಿಸಿ ಸರಿಸಿ ಖುಷಿಪಟ್ಟೆ, ನಾಲ್ಕನೆಯ ದಿನ ಮರೆತೇಹೋಯಿತು. ಆಮೇಲೆ ಹೊಸದರಲ್ಲಿ ನಯ ಕಾಣಿಸುವುದು ನಿಂತು, ಹಳೆಯದನ್ನು ಹಿಡಿದಾಗ ಒರಟು ಕಾಣಿಸತೊಡಗಿತು. ಇಂಥ ಸುಖಕ್ಕೆ ಎಷ್ಟು ಹಣ ಕೊಡಬಹುದು ಎಂಬುದನ್ನು ನಿಮಗೇ ಬಿಡುತ್ತೇನೆ.

ಕ್ಯಾಮೆರಾ ವಿಷಯ ಇನ್ನೂ ಸ್ವಾರಸ್ಯ. ನಡು ಹಗಲಲ್ಲಿ, ಒಂದೇ ಗಿಡದ ಮುಂದೆ ನಿಂತು ಎರಡರಲ್ಲೂ ಚಿತ್ರ ತೆಗೆದು, ಯಾವುದು ಯಾವ ಫೋನಿನದು ಎಂದು ಮನೆಯಲ್ಲಿ ಎಲ್ಲರನ್ನೂ ಕೇಳಿದೆ. ಉತ್ತರಗಳು ನಾಣ್ಯ ಚಿಮ್ಮಿಸಿದಂತೆ ಬಂದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 48 ಆಗಲಿ 50 ಆಗಲಿ, ಸಾಮಾನ್ಯ ಮೋಡ್‌ನಲ್ಲಿ ಈ ಬಗೆಯ ಕ್ಯಾಮೆರಾ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಬೆಸೆದು 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರವನ್ನೇ ಕೊಡುತ್ತದೆ. ವ್ಯತ್ಯಾಸವಿರುವುದು ಕತ್ತಲಾದ ಮೇಲೆ. ಹೊಸ ಫೋನ್ ಬೆಳಕಿನ ಬೇರೆ ಬೇರೆ ಪ್ರಮಾಣದಲ್ಲಿ ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಜೋಡಿಸಿ, ಮರಳಿನಂತೆ ಉದುರಿದ ಚುಕ್ಕೆಗಳನ್ನು ಸೋಸಿ ಒಂದು ಚಿತ್ರ ಮಾಡುತ್ತದೆ. ದೀಪವಿಲ್ಲದ ಜಗುಲಿಯಲ್ಲಿ ಕೂತವರ ಮುಖ ಸ್ಪಷ್ಟವಾಗಿ ಬರುತ್ತದೆ.

ಆದರೆ ಅದಕ್ಕೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿಲ್ಲ. ಮುಸ್ಸಂಜೆಯನ್ನು ಅದು ಮಧ್ಯಾಹ್ನದಂತೆ ಬೆಳಗಿಸಿಬಿಡುತ್ತದೆ. ಅಮ್ಮನ ಚಿತ್ರ ತೆಗೆದರೆ ಹಣೆಯ ಗೆರೆಗಳೆಲ್ಲ ಮಾಯ; ಆಕೆಯೇ ನೋಡಿ, "ಇದು ಯಾರೋ?" ಎಂದರು. ಮುಖವನ್ನು ನಯಗೊಳಿಸುವ ಆಯ್ಕೆ ಕೊಳ್ಳುವಾಗಲೇ ಚಾಲೂ ಇತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿದ ಮೇಲೆ ಅಮ್ಮ ವಾಪಸ್ ಬಂದರು. ಸಂಜೆ ಮಾತ್ರ ಇನ್ನೂ ಹಳೆಯ ಫೋನಿನಲ್ಲೇ ಚೆನ್ನ.

ಕಳೆದುಕೊಂಡದ್ದನ್ನೂ ಹೇಳಬೇಕು. ಹೆಡ್‌ಫೋನ್ ತಂತಿ ಸಿಕ್ಕಿಸುವ 3.5 ಮಿಲಿಮೀಟರ್ ತೂತು ಹೊಸದರಲ್ಲಿಲ್ಲ. ಮೆಮೊರಿ ಕಾರ್ಡ್‌ಗೆ ಜಾಗವಿಲ್ಲ. ತೂಕ ಹೆಚ್ಚು; ಮಲಗಿಕೊಂಡು ಓದುವಾಗ ಮೂಗಿನ ಮೇಲೆ ಬಿದ್ದಾಗ ಅದು ಚೆನ್ನಾಗಿ ತಿಳಿಯುತ್ತದೆ. ಹಿಂಬದಿಯ ಕ್ಯಾಮೆರಾ ಉಬ್ಬಿಕೊಂಡಿರುವುದರಿಂದ ಮೇಜಿನ ಮೇಲಿಟ್ಟು ಟೈಪ್ ಮಾಡಿದರೆ ಕಾಲು ಗಿಡ್ಡವಾದ ಸ್ಟೂಲಿನಂತೆ ಟಕಟಕ ಅಲುಗುತ್ತದೆ. ಇದೆಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಕೀಬೋರ್ಡ್. ಐದು ವರ್ಷ ನನ್ನ ಕನ್ನಡವನ್ನು ನೋಡಿ ನೋಡಿ ಪಳಗಿದ್ದ ಹಳೆಯ ಕೀಲಿಮಣೆ, ಎರಡು ಅಕ್ಷರ ಒತ್ತುವಷ್ಟರಲ್ಲಿ ನೆಂಟರಿಷ್ಟರ ಹೆಸರುಗಳನ್ನೂ ನನ್ನ ಪದಗಳನ್ನೂ ಮುಂದಿಡುತ್ತಿತ್ತು. ಹೊಸದಕ್ಕೆ ಅ ಆ ಇ ಈಯಿಂದ ಹೇಳಿಕೊಡಬೇಕಾಯಿತು.

ಈಗ ಬ್ಯಾಟರಿಗೆ ಬರುತ್ತೇನೆ. ನಾನು ಎಡವಿದ್ದು ಇಲ್ಲೇ. ಹಳೆಯ ಫೋನ್ ಶೇ 30 ಚಾರ್ಜ್ ತೋರಿಸುತ್ತಿದ್ದಾಗಲೇ, ಕ್ಯಾಮೆರಾ ತೆರೆದೊಡನೆ ಆರಿಹೋಗುತ್ತಿತ್ತು. ಫೋನೇ ಮುದಿಯಾಯಿತು ಎಂದು ತೀರ್ಮಾನಿಸಿ ಹೊಸದು ಕೊಂಡೆ. ಹಳೆಯದನ್ನು ಅಪ್ಪನಿಗೆ ಕೊಡುವ ಮುನ್ನ, ಇರಲಿ ಎಂದು ಬ್ಯಾಟರಿ ಬದಲಿಸಿದೆ, ತುಂಬಿ ತುಳುಕುತ್ತಿದ್ದ 64 ಜಿಬಿಯನ್ನು ಖಾಲಿ ಮಾಡಿ ಫ್ಯಾಕ್ಟರಿ ರೀಸೆಟ್ ಮಾಡಿದೆ, ಅಂದರೆ ಎಲ್ಲವನ್ನೂ ಅಳಿಸಿ ಕೊಂಡಾಗಿನ ಸ್ಥಿತಿಗೆ ತಂದೆ. ಆರಿಹೋಗುವುದು ನಿಂತಿತು. ಆ್ಯಪ್‌ಗಳು ಮೊದಲಿನ ಅರ್ಧ ಹೊತ್ತಿನಲ್ಲಿ ತೆರೆದುಕೊಂಡವು. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಆಗಿದ್ದು ಇಷ್ಟು. ಲಿಥಿಯಂ ಅಯಾನ್ ಬ್ಯಾಟರಿ ಹಳೆಯದಾದಂತೆ ಹಿಡಿಯುವ ಚಾರ್ಜ್ ಕಡಿಮೆಯಾಗುವುದಷ್ಟೇ ಅಲ್ಲ, ಅದರ ಒಳಗಿನ ಪ್ರತಿರೋಧವೂ ಏರುತ್ತದೆ. ಕ್ಯಾಮೆರಾದಂಥದ್ದು ಒಮ್ಮೆಗೇ ಹೆಚ್ಚು ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು, ಚಾರ್ಜ್ ಉಳಿದಿದ್ದರೂ ಫೋನ್ ಆರುತ್ತದೆ. ಹೀಗೆ ಆರದಿರಲೆಂದು ಕೆಲವು ಹಳೆಯ ಐಫೋನ್‌ಗಳ ವೇಗವನ್ನು ತಗ್ಗಿಸಿದ್ದಾಗಿ 2017ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತ್ತು. ಅಂದರೆ ಬ್ಯಾಟರಿಯ ಮುಪ್ಪು ಫೋನಿನ ಮುಪ್ಪಿನಂತೆ ಕಾಣುವುದು ಹೊಸ ಕಥೆಯಲ್ಲ. ಸಂಗ್ರಹದ್ದೂ ಹಾಗೆಯೇ: ಫೋನಿನ ಸಂಗ್ರಹವಾದ ಫ್ಲ್ಯಾಶ್ ಮೆಮೊರಿಯಲ್ಲಿ ಹೊಸದನ್ನು ಬರೆಯಬೇಕಾದರೆ ಮೊದಲು ಒಂದು ಬ್ಲಾಕನ್ನು ಅಳಿಸಿಕೊಳ್ಳಬೇಕು, ಖಾಲಿ ಜಾಗವೇ ಇಲ್ಲದಿದ್ದರೆ ಈ ಸರ್ಕಸ್ಸಿನಲ್ಲೇ ಹೊತ್ತು ಹೋಗುತ್ತದೆ. ಮೂರು ವಾರ ನಾನು ಮಾಡಿದ್ದ ಹೋಲಿಕೆ, ಜ್ವರ ಬಂದವನ ಜೊತೆ ಓಟದ ಪಂದ್ಯ ನಡೆಸಿದಂತಿತ್ತು.

ಹಾಗಾದರೆ ಕೊಂಡದ್ದು ತಪ್ಪೇ? ಅಲ್ಲ ಎನ್ನುತ್ತೇನೆ, ಒಂದೇ ಕಾರಣಕ್ಕೆ. ಹಳೆಯ ಫೋನಿಗೆ ಭದ್ರತಾ ಅಪ್‌ಡೇಟ್, ಅಂದರೆ ಕಳ್ಳರು ನುಸುಳಬಹುದಾದ ಲೋಪಗಳನ್ನು ಮುಚ್ಚಲು ಕಂಪನಿ ಕಳಿಸುವ ತಿದ್ದುಪಡಿ, ನಿಂತು ಎರಡು ವರ್ಷವಾಗಿತ್ತು. ಬ್ಯಾಟರಿಯನ್ನು ಬದಲಿಸಬಹುದು, ಇದನ್ನು ಯಾವ ರಿಪೇರಿಯವರೂ ಸರಿಮಾಡಿಕೊಡಲಾರರು. ಬ್ಯಾಂಕಿನ ಆ್ಯಪ್ ಇಟ್ಟುಕೊಂಡು ಅಂಥ ಫೋನ್ ಬಳಸುವುದು, ಚಿಲಕ ಮುರಿದ ಬಾಗಿಲನ್ನು ಒರಗಿಸಿ ಮಲಗಿದಂತೆ. ಈಗ ಕಂಪನಿಗಳು ಈ ವಿಷಯದಲ್ಲಿ ಸ್ವಲ್ಪ ಎಚ್ಚೆತ್ತಿವೆ: 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8, 2024ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ 7 ವರ್ಷದ ಅಪ್‌ಡೇಟ್ ಎಂದು ಮಾತು ಕೊಟ್ಟಿದ್ದಾರೆ. ಅಗ್ಗದ ಮಾದರಿಗಳಿಗೆ ಈ ಅವಧಿ ಸಾಮಾನ್ಯವಾಗಿ ಕಡಿಮೆ. ಇನ್ನೊಂದು ಮಾತು, ಈ ಲೆಕ್ಕ ಸಾಮಾನ್ಯವಾಗಿ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಿಂದಿನ ಮಾದರಿಯನ್ನು ರಿಯಾಯಿತಿಯಲ್ಲಿ ಕೊಳ್ಳುವಾಗ ಆ ಎರಡು ವರ್ಷವನ್ನು ಕಳೆದುಕೊಂಡೇ ಕೊಳ್ಳುತ್ತೀರಿ.

ಕೊಳ್ಳುವುದೇ ಎಂದಾದರೆ ಹಳೆಯದನ್ನು ಅವಸರದಲ್ಲಿ ಅಳಿಸಬೇಡಿ. ಫೋಟೊ, ಸಂಪರ್ಕಗಳು, ವಾಟ್ಸ್‌ಆ್ಯಪ್ ಮಾತುಕತೆಗಳು ಬ್ಯಾಕಪ್‌ನಿಂದ ಬಂದುಬಿಡುತ್ತವೆ. ಎರಡು ಹಂತದ ದೃಢೀಕರಣದ ಕೋಡ್ ಕೊಡುವ ಆ್ಯಪ್ ಬಳಸುತ್ತಿದ್ದರೆ ಅದನ್ನು ಮೊದಲು ಸಾಗಿಸಿ, ಇಲ್ಲವಾದರೆ ನಿಮ್ಮ ಖಾತೆಗೇ ನೀವು ಹೊರಗಿನವರಾಗುತ್ತೀರಿ. ನನ್ನ ಧ್ವನಿಮುದ್ರಣಗಳು ಬಂದೇ ಇರಲಿಲ್ಲ. ಯಾವುದೋ ಆ್ಯಪ್ ಅವನ್ನು ತನ್ನದೇ ಫೋಲ್ಡರ್‌ನಲ್ಲಿ ಬಚ್ಚಿಟ್ಟಿತ್ತು. ಎರಡು ವಾರದ ನಂತರ ಅವುಗಳಲ್ಲೊಂದನ್ನು ಹುಡುಕಿದಾಗಲೇ ತಿಳಿದದ್ದು. ಅಷ್ಟು ಹೊತ್ತಿಗೆ ರೀಸೆಟ್ ಮಾಡಿರಲಿಲ್ಲವಾದ್ದರಿಂದ ಬಚಾವಾದೆ. ಬೇರೆಯವರಿಗೆ ಕೊಡುವ ಮುನ್ನ ಗೂಗಲ್ ಖಾತೆಯನ್ನು ತೆಗೆದೇ ರೀಸೆಟ್ ಮಾಡಿ. ಹಾಗೆ ಮಾಡದಿದ್ದರೆ, ಕದ್ದ ಫೋನಿಗೆ ಹಾಕುವ ಬೀಗ ನಿಮ್ಮವರಿಗೇ ಬೀಳಬಹುದು.

ಹಳೆಯದರಲ್ಲಿ ಈಗ ಬ್ಯಾಂಕಿನ ಆ್ಯಪ್ ಇಲ್ಲ, ಇಮೇಲ್ ಇಲ್ಲ. ಅಪ್ಪ ತಂತಿಯ ಹೆಡ್‌ಫೋನ್ ಸಿಕ್ಕಿಸಿ ಎಫ್‌ಎಂ ಕೇಳುತ್ತಾರೆ. ಆ ತಂತಿಯೇ ಆಂಟೆನಾ ಆಗಿ ಕೆಲಸ ಮಾಡುವುದರಿಂದ ಇಂಟರ್ನೆಟ್ ಬೇಕಿಲ್ಲ. ನನ್ನ ಹೊಸ ಫೋನಿನಲ್ಲಿ ರೇಡಿಯೊ ಇಲ್ಲವೇ ಎಂದು ಒಮ್ಮೆ ಕೇಳಿದರು. ಇಲ್ಲ ಎಂದೆ. ಮುಂದೇನೂ ಕೇಳಲಿಲ್ಲ, ಮುಖವನ್ನಷ್ಟೇ ನೋಡಿದರು.

ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಭದ್ರತಾ ಅಪ್‌ಡೇಟ್‌ನ ದಿನಾಂಕ ಇರುತ್ತದೆ. ಅದನ್ನೂ ಎಷ್ಟು ಜಾಗ ಖಾಲಿ ಇದೆ ಎಂಬುದನ್ನೂ ನೋಡಿ ಇಲ್ಲಿ ಬರೆಯಿರಿ. ದಿನಾಂಕ ಇತ್ತೀಚಿನದಾಗಿದ್ದರೆ ನಾನು ಬ್ಯಾಟರಿ ಬದಲಿಸಿ ಎಂದೇ ಹೇಳುವವನು.