1860ರ ಪಟ್ಟಿಯಲ್ಲಿ ಹೆಸರೇ ಇಲ್ಲವೇ?
ನೀವು ಹುಡುಕುತ್ತಿರುವ, ಅಮೆರಿಕದ ಜಾರ್ಜಿಯಾದ ತೋಟದಲ್ಲಿ ಗುಲಾಮಳಾಗಿದ್ದವಳ ಹೆಸರು ಸಿಗದಿರುವುದಕ್ಕೆ ಕಾರಣ ಬಹುಶಃ ಇದು: 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮಾಲೀಕನಿಗೆ ಮಾತ್ರ ಹೆಸರು. ಉಳಿದವರದು ಬರೀ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ.

ಗುಲಾಮಗಿರಿ ಮುಗಿದ ಮೇಲೆ ಅವರನ್ನೂ ಹೆಸರಿನಿಂದ ಬರೆದರು. ಹಾಗಾಗಿ ಮೊದಲು 1870ರ ಜನಗಣತಿಯಲ್ಲಿ ಹುಡುಕಿ, ಅಕ್ಕಪಕ್ಕದ ಮನೆಗಳನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಬಿಡುಗಡೆಯಾದ ಗುಲಾಮರಿಗಾಗಿ ತೆರೆದಿದ್ದ ಫ್ರೀಡ್‌ಮನ್ಸ್ ಬ್ಯಾಂಕ್‌ ಖಾತೆಗಳು. ಕೆಲವದರಲ್ಲಿ ಒಡಹುಟ್ಟಿದವರ, ಹಳೆಯ ಮಾಲೀಕನ ಹೆಸರೂ ಇದೆ.

ಮಾಲೀಕ ಗೊತ್ತಾದರೆ ಕೌಂಟಿಯ (ಅಲ್ಲಿನ ಜಿಲ್ಲೆಯ) ಪ್ರೊಬೇಟ್ ಕೋರ್ಟಿನಲ್ಲಿ, ಅಂದರೆ ಸತ್ತವರ ಆಸ್ತಿ ವಿಷಯ ನೋಡುವ ಕೋರ್ಟಿನಲ್ಲಿ, ಅವನ ಉಯಿಲು, ಸತ್ತಾಗ ಮಾಡಿದ ಆಸ್ತಿಪಟ್ಟಿ ನೋಡಿ. ಕುದುರೆ, ಹಾಸಿಗೆಗಳ ನಡುವೆ ಜನರ ಹೆಸರು, ಬೆಲೆ ಬರೆದಿರುತ್ತಾರೆ, ಓದಲು ಸಂಕಟವಾಗುತ್ತದೆ. ಮಾಲೀಕ ತನ್ನ ಮಗಳ ಮದುವೆಯಲ್ಲಿ ಅವಳನ್ನು ಕೊಟ್ಟುಬಿಟ್ಟಿರಲೂಬಹುದು, ಅಳಿಯನ ಕಾಗದಗಳನ್ನೂ ಬಿಡಬೇಡಿ.

ಅವಳ ಅಡ್ಡಹೆಸರು (ಸರ್‌ನೇಮ್) ಮಾಲೀಕನದೇ ಅಂತ ಸುಮ್ನೆ ನಂಬಬೇಡಿ. ವಯಸ್ಸೊಂದೇ ಹೊಂದಿದರೆ ಅವಳೇ ಅನ್ನಲಾಗದು. ಮಕ್ಕಳ ಹೆಸರುಗಳೂ ಹೊಂದುತ್ತವೆಯೇ ನೋಡಿ.